ಖವಾನೀಜಿನ ಕೆಂಪು ಹಸು ಗಬ್ಬ ನಿಂತದ್ದು

ದುಬೈಗೆ ಬಂದ ಮೇಲೆ ಎರಡು ವರ್ಷ ನಾನು ಒಂದು ಹಸುವನ್ನೂ ಮುಟ್ಟಲಿಲ್ಲ. ಅದಕ್ಕೆ ಮೊದಲು ಮಂಡ್ಯ ಜಿಲ್ಲೆಯ ಒಂದು ಹೋಬಳಿ ಊರಿನ ಪಶು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಆ ಕಡೆ ಒಂದೋ ಎರಡೋ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮನೆಗಳೇ ಹೆಚ್ಚು. ಬೆಳಗಾದರೆ ಬೆದೆಗೆ ಬಂದ ಹಸುಗಳನ್ನು ಹಿಡಿದುಕೊಂಡು ಹೆಂಗಸರು ಆಸ್ಪತ್ರೆಯ ಮುಂದೆ ನಿಂತಿರುತ್ತಿದ್ದರು. ಕೃತಕ ಗರ್ಭಧಾರಣೆ ಅನ್ನುವ ಉದ್ದನೆಯ ಹೆಸರು ನಮ್ಮ ಕಡತಗಳಲ್ಲಿ ಮಾತ್ರ ಇತ್ತು; ಅವರ ಬಾಯಲ್ಲಿ ಅದು ಸೂಜಿ ಹಾಕಿಸುವುದು. ಎಡಗೈಗೆ ಭುಜದವರೆಗೆ ಗ್ಲೌಸ್ ಏರಿಸಿ ಹಸುವಿನ ಹಿಂದೆ ನಿಂತರೆ ನನಗೆ ಬೇರೆ ಯೋಚನೆಯೇ ಬರುತ್ತಿರಲಿಲ್ಲ. ಮೂರು ವಾರ ಕಳೆದೂ ಹಸು ಮತ್ತೆ ಬೆದೆಗೆ ಬಾರದಿದ್ದರೆ, ಆ ಮನೆಯವರು ದಾರಿಯಲ್ಲಿ ಸಿಕ್ಕಾಗ "ನಿಂತದೆ ಕಣವ್ವ" ಅನ್ನುತ್ತಿದ್ದರು. ಆ ಒಂದು ಮಾತು ನನಗೆ ಇಡೀ ದಿನಕ್ಕೆ ಸಾಕಾಗುತ್ತಿತ್ತು.

ಗಂಡನಿಗೆ ಇಲ್ಲಿನ ವಿಮಾನ ನಿಲ್ದಾಣದ ಸರಕು ಸಾಗಣೆ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮಗಳನ್ನು ಕಟ್ಟಿಕೊಂಡು ಮಿರ್ದಿಫ್‌ನ ಫ್ಲಾಟಿಗೆ ಬಂದೆವು. ಪಶುವೈದ್ಯಳಾಗಿ ಕೆಲಸ ಮಾಡಲು ಇಲ್ಲಿ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಪದವಿ ಪತ್ರಗಳ ಅಟೆಸ್ಟೇಶನ್ ಆಗಬೇಕು, ಅದು ಮುಗಿದ ಮೇಲೆ ಪರೀಕ್ಷೆ. ಊರಿಗೆ ಕಳಿಸಿದ ನನ್ನ ಕಾಗದಗಳು ಯಾವ ಮೇಜಿನ ಮೇಲೆ ಮಲಗಿದ್ದವೋ ಗೊತ್ತಿಲ್ಲ. ಸುಮ್ಮನೆ ಕೂರಲಾರದೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಪಶು ಆಹಾರ ಕಂಪನಿಯಲ್ಲಿ ಸೇಲ್ಸ್ ಕೆಲಸಕ್ಕೆ ಸೇರಿದೆ. ಗೋದಾಮಿನ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಫಾರ್ಮಿನವರಿಗೆ ಫೋನ್ ಮಾಡುವುದು, ಖನಿಜದ ಪುಡಿ ಬೇಕೇ ಎಂದು ಕೇಳುವುದು. ಅಷ್ಟೇ ಕೆಲಸ. ಫೋನಿನಲ್ಲಿ ಮಾತಾಡುತ್ತಾ ನಾನು ಕುರ್ಚಿ ಬಿಟ್ಟು ಎದ್ದು ಓಡಾಡುತ್ತಿದ್ದೆ. ಪಕ್ಕದ ಮೇಜಿನ ಕೇರಳದ ಹುಡುಗಿಗೆ ಅದು ಕಿರಿಕಿರಿಯಾಗಿ ಬೇರೆ ಮೂಲೆಗೆ ಜಾಗ ಬದಲಿಸಿಕೊಂಡಳು.

ಮನೆಯಲ್ಲೂ ಹಾಗೇ ಇದ್ದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. "ಯಾಕೆ ಹಿಂಗೆ ಒದ್ದಾಡ್ತೀಯ? ಎಸಿ ಇದೆ, ಕುರ್ಚಿ ಇದೆ, ಸಗಣಿ ವಾಸನೆ ಇಲ್ಲ," ಎಂದು ಗಂಡ ಸಮಾಧಾನ ಮಾಡುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆ ವಾಸನೆ ಇಲ್ಲದೆಯೇ ನಾನು ಹೀಗಾಗಿದ್ದೇನೆ ಎಂದು ಅವರಿಗೆ ಹೇಗೆ ತಿಳಿಸಬೇಕೋ ನನಗೆ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ಖವಾನೀಜಿನ ಯಾವುದೋ ಇಜ್ಬಾಕ್ಕೆ ಫೋನ್ ಮಾಡಿದೆ. ಊರಂಚಿನಲ್ಲಿ ಬೇಲಿ ಹಾಕಿಕೊಂಡು ಇಲ್ಲಿಯವರು ಆಡು, ಒಂಟೆ, ಹಸು ಸಾಕುವ ಜಾಗಕ್ಕೆ ಇಜ್ಬಾ ಎನ್ನುತ್ತಾರೆ. ಆ ಕಡೆಯಿಂದ ಹಿಂದಿಯಲ್ಲಿ ಉತ್ತರ ಬಂತು, ಆದರೆ ಆ ಹಿಂದಿಯ ರಾಗ ನನಗೆ ಪರಿಚಯದ್ದು. ಮಂಗಳೂರಿನ ಕಡೆಯವರಾ ಎಂದು ಕನ್ನಡದಲ್ಲಿ ಕೇಳಿಯೇಬಿಟ್ಟೆ. ಬಂಟ್ವಾಳ, ಎಂದರು. ಮನೆಮಾತು ಬ್ಯಾರಿ, ಇಲ್ಲಿಗೆ ಬಂದು ಬಹಳ ವರ್ಷವಾಗಿದೆ, ಮೊದಲು ಹೋಟೆಲಿನಲ್ಲಿದ್ದೆ, ಈಗ ಒಬ್ಬ ಅರಬಿ ಅಜ್ಜಿಯ ನಾಲ್ಕು ಹಸು ನೋಡಿಕೊಳ್ಳುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದರು. ನಾನು ಪಶುವೈದ್ಯೆ ಎಂದು ತಿಳಿದದ್ದೇ ತಡ, ಪುಡಿಯನ್ನು ನೀವೇ ತಂದುಕೊಡಿ ಡಾಕ್ಟ್ರೇ, ಒಂದು ಹಸು ತೋರಿಸಲಿಕ್ಕೆ ಉಂಟು ಎಂದರು. ಖವಾನೀಜು ನಮ್ಮ ಮನೆಯಿಂದ ಹತ್ತಿರ. ಆಫೀಸಿನಿಂದ ಬರುತ್ತಾ ಚೀಲವನ್ನು ಕಾರಿನಲ್ಲಿ ಹಾಕಿಕೊಂಡು ಹೋದೆ.

ಜೂನ್ ತಿಂಗಳು. ಸಂಜೆಯಾಗಿದ್ದರೂ ಕಾರಿನ ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದ ಹಾಗಿತ್ತು. ತಗಡಿನ ಮಾಡಿನ ಕೆಳಗೆ ಮೂರು ಕಪ್ಪುಬಿಳಿ ಸೀಮೆಹಸುಗಳು ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಿದ್ದವು. ಆಚೆ ಒಂದು ಸಣ್ಣ ಕೆಂಪು ಹಸು, ಚಿಕ್ಕ ಡುಬ್ಬ, ಗೋಡೆಗೆ ಒತ್ತಿಕೊಂಡು ನಿಂತಿತ್ತು. ತೋರಿಸಬೇಕಾದದ್ದು ಅದನ್ನೇ. ಅದರ ತಾಯಿ, ಅಜ್ಜಿ ಎಲ್ಲ ಯಜಮಾನಿಯ ತವರಿನವು. ಆ ಕೆಂಪು ಹಸುವಿನ ತುಪ್ಪವಲ್ಲದೆ ಬೇರೆ ತುಪ್ಪ ಆಕೆಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಎರಡು ಸಲ ಕರು ಹಾಕಿದ ಹಸು ಈಗ ಬರಡಾಗಿ ನಿಂತಿದೆ. ಹತ್ತಿರದ ಕ್ಲಿನಿಕ್ಕಿನವರು ಬಂದು ಸೂಜಿ ಹಾಕುತ್ತಾರೆ, ಮೂರು ವಾರಕ್ಕೆ ಅದು ತಿರುಗಿ ಬೆದೆಗೆ ಬರುತ್ತದೆ. ಇನ್ನು ಸಾಕು, ಮಾರಿಬಿಡುವ ಎಂದು ಯಜಮಾನಿ ಹೇಳಿಯಾಗಿದೆ. ಮಾರಿದರೆ ಹೋಗುವುದು ಕಸಾಯಿಗೇ. ಈ ಹಸುವನ್ನು ಅದು ಕರುವಾಗಿದ್ದಾಗಿನಿಂದ ಸಾಕಿದ್ದು ಬಂಟ್ವಾಳದ ಅಣ್ಣ.

ಹಸುವಿನ ಬೆನ್ನ ಮೇಲೆ ಕೈ ಇಟ್ಟೆ. ಚರ್ಮ ಒಂದು ಸಲ ಅದುರಿ ಸುಮ್ಮನಾಯಿತು.

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಡಾಕ್ಟ್ರೇ, ಮುಂದಿನ ಸಲ ನೀವೇ ಹಾಕಿ ನೋಡಿ. ಊರಲ್ಲಿ ಎಷ್ಟು ಹಸುವಿಗೆ ಹಾಕಿದವರಲ್ವಾ ನೀವು? ವೀರ್ಯದ ಕಡ್ಡಿ ತರಿಸುವ ದಾರಿ ನನಗೆ ಗೊತ್ತುಂಟು. ಇಲ್ಲಿ ಯಾರು ನೋಡ್ಲಿಕ್ಕೆ ಬರ್ತಾರೆ?"

"ಆಗಲ್ಲ ಅಣ್ಣ. ಇಲ್ಲಿ ನಂಗೆ ಲೈಸೆನ್ಸ್ ಇಲ್ಲ. ಗೊತ್ತಾದ್ರೆ ನಿಮ್ಮ ವೀಸಾನೂ ಹೋಗುತ್ತೆ, ನಂದೂ ಹೋಗುತ್ತೆ."

"ಹೌದು, ಅದು ಸಹ ಉಂಟು," ಎಂದರು. ಪುಡಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಕೈ ತೊಳೆಯೋಣ ಎಂದು ನಲ್ಲಿ ತಿರುಗಿಸಿದೆ. ನೀರು ಕೈ ಸುಟ್ಟಿತು. ಜೂನಿನಲ್ಲಿ ಇಲ್ಲಿ ಎಲ್ಲರ ಮನೆಯ ನಲ್ಲಿಯೂ ಹಾಗೇ. ಬಟ್ಟೆಗೆ ಕೈ ಒರೆಸಿಕೊಂಡು ಕಾರು ಹತ್ತಿದೆ.

ಆ ವಾರ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಬೇಡ ಎಂದದ್ದು ಸರಿ ಎಂದು ಗೊತ್ತಿತ್ತು. ಆದರೂ ಎಡಗೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಆಫೀಸಿನ ಮೀಟಿಂಗಿನಲ್ಲಿ ಕೂತು ಮೇಜಿನ ಕೆಳಗೆ ಬೆರಳುಗಳನ್ನು ಕೂಡಿಸುವುದು, ಬಿಡಿಸುವುದು ಮಾಡುತ್ತಿದ್ದೆ. ಬಂಟ್ವಾಳದ ಅಣ್ಣನಿಂದ ಫೋನಿಲ್ಲ. ನಾನೇ ಮಾಡಲೇ ಎಂದು ಮೊಬೈಲ್ ತೆಗೆಯುತ್ತಿದ್ದೆ, ಮಾಡಿ ಏನು ಹೇಳಲಿ ಎಂದು ಮತ್ತೆ ಇಡುತ್ತಿದ್ದೆ.

ಶನಿವಾರ ಮಗಳು ಸ್ನಾನದ ಮನೆಯಿಂದ ಕೂಗಿದಳು. "ಅಮ್ಮಾ, ಕೋಲ್ಡ್ ಟ್ಯಾಪ್ ಈಸ್ ಆಲ್ಸೋ ಹಾಟ್. ಐ ಕಾಂಟ್ ಬೇದ್."

ಬಕೆಟ್ಟಿಗೆ ಫ್ರಿಜ್ಜಿನ ನೀರು ಬೆರೆಸುತ್ತಿದ್ದವಳು ಹಾಗೇ ನಿಂತುಬಿಟ್ಟೆ. ವೀರ್ಯದ ಕಡ್ಡಿ ದ್ರವ ಸಾರಜನಕದ ಜಾಡಿಯಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಹಸುವಿಗೆ ಹಾಕುವ ಮೊದಲು ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರೆ ನಿಮಿಷದಷ್ಟು ಹೊತ್ತು ಕರಗಿಸಬೇಕು. ಹಸುವಿನ ಮೈಯ ಬಿಸಿಗಿಂತ ನೀರು ಬಹಳ ಹೆಚ್ಚು ಬಿಸಿಯಾದರೆ ಒಳಗಿರುವುದೆಲ್ಲ ಸತ್ತುಹೋಗುತ್ತದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ.

ಒದ್ದೆ ಕೈಯಲ್ಲೇ ಫೋನ್ ಮಾಡಿದೆ. ಕಡ್ಡಿಯನ್ನು ಯಾವ ನೀರಿನಲ್ಲಿ ಹಾಕುತ್ತಿದ್ದರು ಎಂದು ಕೇಳಿದೆ. ಬಂಟ್ವಾಳದ ಅಣ್ಣ ಸ್ವಲ್ಪ ಯೋಚಿಸಿದರು. ಮೊದಲೆಲ್ಲ ಡಾಕ್ಟರ ಹತ್ತಿರ ಒಂದು ಥರ್ಮಾಸ್ ಇತ್ತು, ಈಗ ಕಾಣುವುದಿಲ್ಲ, ಜೊತೆಗೆ ಬರುವವನು ಇಲ್ಲಿಯದೇ ನಲ್ಲಿಯಿಂದ ಮಗ್ಗಿಗೆ ನೀರು ಹಿಡಿಯುತ್ತಾನೆ ಎಂದರು. ಬರುವುದು ಎಷ್ಟು ಹೊತ್ತಿಗೆ? ಮಧ್ಯಾಹ್ನ, ಬೆದೆ ಕಂಡ ಮಾರನೇ ದಿನ. ಮಧ್ಯಾಹ್ನ ಆ ನಲ್ಲಿಯ ಕೆಳಗೆ ಕೈ ಹಿಡಿದರೆ ಬೊಬ್ಬೆ ಬರುತ್ತದೆ ಎಂದು ತಾವೇ ಸೇರಿಸಿದರು.

ಈಗ ಇನ್ನೊಂದು ಸಂಕಟ ಶುರುವಾಯಿತು. ಇದನ್ನು ಆ ಡಾಕ್ಟರಿಗೆ ಹೇಳುವುದು ಹೇಗೆ? ಇಲ್ಲಿ ನಾನು ಪುಡಿ ಮಾರುವವಳು. ಎರಡು ಸಲ ಕ್ಲಿನಿಕ್ಕಿನ ಮುಂದೆ ಕಾರು ನಿಲ್ಲಿಸಿ, ಇಳಿಯದೆ ಹಿಂದಿರುಗಿದೆ. ಮೂರನೇ ಸಲ ಒಳಗೆ ಹೋದೆ. ಡಾಕ್ಟರು ಸುಡಾನಿನವರು, ನೆರೆತ ಗಡ್ಡ, ಒಂದು ಬೆಕ್ಕಿನ ಕಿವಿ ನೋಡುತ್ತಿದ್ದರು. ಅದು ಮುಗಿಯುವವರೆಗೆ ಕುರ್ಚಿಯ ತುದಿಯಲ್ಲಿ ಕೂತಿದ್ದು, ಆಮೇಲೆ ಊರಿನ ನನ್ನ ಕೆಲಸದ ಬಗ್ಗೆ ಹೇಳಿ, ಕೆಂಪು ಹಸುವಿನ ಮಾತೆತ್ತಿ, ಸುತ್ತಿ ಬಳಸಿ ನೀರಿನ ವಿಷಯಕ್ಕೆ ಬಂದೆ. ಅವರ ಮುಖ ಗಂಟಾಯಿತು. ಬೆಕ್ಕು ನೋಡಿದ ಮೇಜನ್ನು ಒರೆಸತೊಡಗಿದರು. ಹೊರಟುಬಿಡೋಣ ಅಂದುಕೊಳ್ಳುವಷ್ಟರಲ್ಲಿ ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: ಥರ್ಮಾಸ್ ಒಡೆದು ತಿಂಗಳುಗಳಾದವು, ಹೊಸದನ್ನು ಕೇಳಿದ್ದೇನೆ, ನೀರನ್ನು ಹೊಂದಿಸಿಕೋ ಎಂದು ಸಹಾಯಕನಿಗೆ ಹೇಳಿದ್ದೆ, ಅವನು ಹೊಂದಿಸಿದನೋ ಇಲ್ಲವೋ ನಾನು ನೋಡಲಿಲ್ಲ. ಹಾಗೆಂದು ತಪ್ಪೆಲ್ಲ ನೀರಿನದೇ ಎನ್ನಬೇಡಿ, ಈ ಸೆಕೆಗೆ ಹಸುವಿನ ಒಳಗೇ ಏನೂ ಉಳಿಯುವುದಿಲ್ಲ ಎಂದೂ ಹೇಳಿದರು. ಅದೂ ನಿಜವೇ. ತಡವಾಗಿ ಬರುವುದೂ ಒಂದು ಕಾರಣ ಎಂದೆ. ತಲೆಯಾಡಿಸಿದರು. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದೆವು: ಬೇಸಿಗೆ ಕಳೆಯುವ ತನಕ ಹಸುವನ್ನು ಮುಟ್ಟುವುದು ಬೇಡ.

ಆದರೆ ಅಲ್ಲಿಯವರೆಗೆ ಹಸುವನ್ನು ಉಳಿಸಿಕೊಳ್ಳಬೇಕಲ್ಲ. ಯಜಮಾನಿಯ ಹತ್ತಿರ ಮಾತಾಡಲು ಬಂಟ್ವಾಳದ ಅಣ್ಣ ನನ್ನನ್ನೇ ಮುಂದೆ ಮಾಡಿದರು. ಆಕೆ ಸಂಜೆ ಇಜ್ಬಾಕ್ಕೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಕಪ್ಪು ಅಬಾಯ, ಕೈತುಂಬ ಮೆಹಂದಿ, ಮಾತಿಗೆ ಅಂಗಡಿ ಹಿಂದಿ. ಅಣ್ಣ ಆಕೆಯನ್ನು ಮಾಮಾ, ಅಂದರೆ ಅಮ್ಮ, ಎಂದು ಕರೆಯುತ್ತಿದ್ದರು. ನಾನು ನನ್ನ ಹರುಕು ಹಿಂದಿಯಲ್ಲಿ ನೀರು, ಸೆಕೆ, ಚಳಿಗಾಲ ಎಂದು ವಿವರಿಸಿದೆ. ಆಕೆ ಹಸುವಿನ ವಿಷಯ ಬಿಟ್ಟು ನನ್ನನ್ನು ವಿಚಾರಿಸತೊಡಗಿದರು. ಎಷ್ಟು ಮಕ್ಕಳು? ಒಂದೇ ಯಾಕೆ? ನಿಮ್ಮ ದೇಶದಲ್ಲಿ ಹಸುವಿಗೆ ಈ ಕೆಲಸ ಯಾರು ಮಾಡುತ್ತಾರೆ?

"ನಾನೇ ಮಾಡ್ತಿದ್ದೆ," ಎಂದೆ.

ಆಕೆಗೆ ನಂಬಿಕೆ ಬರಲಿಲ್ಲ. ಅಣ್ಣನ ಕಡೆ ನೋಡಿದರು, ಅವರು ಹೌದೆಂದರು. ಆಕೆ ನನ್ನ ಎಡಗೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿ ನಕ್ಕರು. "ಚಿಕ್ಕ ಕೈ. ಹಸುವಿಗೆ ಒಳ್ಳೆಯದು," ಎಂದರು. ಆಮೇಲೆ ನಗು ನಿಲ್ಲಿಸಿ, "ಚಳಿಗಾಲದಲ್ಲಿ ಒಂದು ಸಲ. ಆಗಲೂ ಮಾಫಿ, ಗಬ್ಬ ಇಲ್ಲ, ಅಂದರೆ ಖಲಾಸ್, ಮಾರುವುದೇ," ಎಂದು ಎದ್ದರು.

ಆ ಬೇಸಿಗೆಯಲ್ಲಿ ಹಸುವಿನ ಮೈ ಸುಧಾರಿಸುವುದೇ ನಮ್ಮ ಕೆಲಸವಾಯಿತು. ಮೇವನ್ನು ಹಗಲು ಬಿಟ್ಟು ಹೊತ್ತು ಇಳಿದ ಮೇಲೆ ಹಾಕಲು ಹೇಳಿದೆ. ತಗಡಿನ ಕೆಳಗೆ ಚಾಪೆ ಕಟ್ಟಿಸಿದೆವು, ಯಜಮಾನಿಯ ಮಗ ಒಂದು ದೊಡ್ಡ ಫ್ಯಾನ್ ಕಳಿಸಿದ. ಬಿಸಿ ನೀರನ್ನು ಹಸು ಮೂಸಿ ಬಿಡುತ್ತಿತ್ತು. ಬಂಟ್ವಾಳದ ಅಣ್ಣನ ಭಾವ ಮೀನಿನ ವ್ಯಾನ್ ಓಡಿಸುವವರು. ಅವರಿಂದ ಮಂಜುಗಡ್ಡೆ ತರಿಸಿ ನೀರಿನ ತೊಟ್ಟಿಗೆ ಹಾಕತೊಡಗಿದರು. ಮೀನಿನ ವಾಸನೆಗೆ ಹಸು ಮೊದಲ ದಿನ ಮುಖ ತಿರುಗಿಸಿತಂತೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಾಕಿದ ಮೇಲೆ ಕುಡಿಯಿತು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ, ಹೋಗಲಾಗದಿದ್ದರೆ ವಿಡಿಯೋ ಕಳಿಸಿ ಎಂದು ಕಾಡುತ್ತಿದ್ದೆ. ಆಫೀಸಿನಲ್ಲಿ ಮ್ಯಾನೇಜರು ಒಂದು ದಿನ ಕರೆದು, ನಾಲ್ಕು ಹಸುವಿನ ಗಿರಾಕಿಗೆ ಇಷ್ಟು ಹೊತ್ತು ಯಾಕೆ ಕೊಡುತ್ತೀರಿ ಎಂದು ಕೇಳಿದರು.

ಅಷ್ಟರಲ್ಲಿ ಕಾಗದಗಳು ಬಂದವು. ಪರೀಕ್ಷೆ ಬರೆದೆ. ಫಲಿತಾಂಶಕ್ಕೆ ಕಾಯುವುದೂ ಶುರುವಾಯಿತು.

ನವೆಂಬರ್ ಬಂದು ಗಾಳಿ ತಣ್ಣಗಾಯಿತು. ಒಂದು ಬೆಳಿಗ್ಗೆ, ಮಗಳಿಗೆ ಜಡೆ ಹಾಕುತ್ತಿದ್ದಾಗ, ಬಂಟ್ವಾಳದ ಅಣ್ಣನ ದನಿ ಸಂದೇಶ ಬಂತು. ನಮಾಜು ಮುಗಿಸಿ ಹೋಗಿ ನೋಡಿದರೆ, ಕೆಂಪಿನ ಮೇಲೆ ಸೀಮೆಹಸು ಹತ್ತಿದರೆ ಅದು ಅಲ್ಲಾಡದೆ ನಿಂತಿದೆ, ಲೋಳೆ ಗಾಜಿನ ಹಾಗೆ ಉಂಟು ಎಂದರು. ಅರ್ಧ ಜಡೆ ಹಾಗೇ ಬಿಟ್ಟು ಸುಡಾನಿ ಡಾಕ್ಟರಿಗೆ ಫೋನ್ ಮಾಡಿದೆ. ಸಂಜೆ ಬರುತ್ತೇನೆ ಎಂದರು. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಹಾಕುವುದು ಸರಿಯಾದ ಹೊತ್ತೇ. ಆದರೆ ಆ ದಿನ ಸಂಜೆಯೇ ಆಗಲೊಲ್ಲದು. ಆಫೀಸಿನಲ್ಲಿ ಯಾರಿಗೋ ಆಡಿನ ಆಹಾರದ ಬದಲು ಕುದುರೆಯದ್ದನ್ನು ಬುಕ್ ಮಾಡಿ ಬೈಸಿಕೊಂಡೆ. ರಸ್ತೆಯಲ್ಲಿ ಟ್ರಾಫಿಕ್ ಕಟ್ಟಿಕೊಂಡಿತ್ತು. ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತಾ, ಡಾಕ್ಟರು ಬಂದು ಹೋಗಿಬಿಟ್ಟಿದ್ದರೆ, ಥರ್ಮಾಸ್ ಮರೆತಿದ್ದರೆ ಎಂದು ನೂರು ಯೋಚನೆ ಮಾಡಿದೆ.

ಡಾಕ್ಟರು ನನಗಾಗಿ ಕಾಯುತ್ತಿದ್ದರು. ಹೊಸ ಥರ್ಮಾಸ್ ತಂದಿದ್ದರು, ಜೊತೆಗೆ ಒಂದು ಥರ್ಮಾಮೀಟರ್. ಅದನ್ನು ನನ್ನ ಕೈಗೆ ಕೊಟ್ಟು, ನೀರು ನೀವು ನೋಡಿಕೊಳ್ಳಿ, ಉಳಿದದ್ದು ನನ್ನದು ಎಂದರು. ಬಿಸಿ ತಣ್ಣಗೆ ಬೆರೆಸಿ ನೀರನ್ನು ಹದಕ್ಕೆ ತಂದೆ. ಅವರು ಜಾಡಿಯಿಂದ ಕಡ್ಡಿ ಎತ್ತಿ ನೀರಿಗೆ ಬಿಟ್ಟರು. ಬಂಟ್ವಾಳದ ಅಣ್ಣ ಹಸುವಿನ ಕೊರಳು ತಬ್ಬಿಕೊಂಡು ಬ್ಯಾರಿಯಲ್ಲಿ ಏನೋ ಹೇಳುತ್ತಿದ್ದರು. ಡಾಕ್ಟರು ಗ್ಲೌಸ್ ಹಾಕಿ ಒಳಗೆ ಕೈ ಇಟ್ಟಾಗ ನನ್ನ ಎಡಗೈ ತಾನಾಗಿ ಮುಷ್ಟಿಯಾಗಿ ಬಿಚ್ಚಿಕೊಂಡಿತು. ಇಷ್ಟು ಹೊತ್ತಿಗೆ ಗರ್ಭಕೋಶದ ಬಾಯಿ ಸಿಕ್ಕಿರಬೇಕು, ಈಗ ಕಡ್ಡಿ ತುಂಬಿದ ಗನ್ನು ದಾಟಿರಬೇಕು, ನಿಧಾನ, ನಿಧಾನ ಎಂದು ಒಳಗೇ ಹೇಳಿಕೊಳ್ಳುತ್ತಿದ್ದೆ. ಅವರು ನಿಧಾನವಾಗಿಯೇ ಮಾಡಿದರು. ಒಳ್ಳೆಯ ಕೈ ಅವರದು.

ಮುಂದಿನ ಮೂರು ವಾರ ಫೋನ್ ಸದ್ದಾದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದೆ. ಹಸು ಬೆದೆಗೆ ಬಂತು ಎಂಬ ಸುದ್ದಿಯೋ ಎಂದು ಭಯ. ಸುದ್ದಿ ಬಾರದಿದ್ದರೆ ಬಂಟ್ವಾಳದ ಅಣ್ಣ ಸರಿಯಾಗಿ ನೋಡುತ್ತಿದ್ದಾರೋ ಇಲ್ಲವೋ ಎಂದು ಅನುಮಾನ. ಒಂದು ದಿನ ನಾನು ಎರಡು ಸಲ ಕೇಳಿದ್ದಕ್ಕೆ ಅವರು, "ಡಾಕ್ಟ್ರೇ, ಹಸು ಆರಾಮಲ್ಲಿ ಮೆಲುಕು ಹಾಕ್ತಾ ಉಂಟು. ನೀವು ಸಹ ಸ್ವಲ್ಪ ಆರಾಮಲ್ಲಿರಿ," ಎಂದರು. ಗಡುವು ಕಳೆಯಿತು, ಇನ್ನೊಂದು ಮೂರು ವಾರವೂ ಕಳೆಯಿತು. ಬೆದೆ ಬರಲಿಲ್ಲ. ಆದರೂ ಕೈ ಹಾಕಿ ನೋಡುವವರೆಗೆ ನಾನು ನಂಬುವವಳಲ್ಲ.

ಜನವರಿ ಕೊನೆಯಲ್ಲಿ ಡಾಕ್ಟರು ಬಂದು ಪರೀಕ್ಷಿಸಿದರು. ಮುಖದಲ್ಲಿ ಏನೂ ತೋರಿಸದೆ ಕೈ ಹೊರತೆಗೆದು, ಕುರ್ಚಿಯಲ್ಲಿ ಕೂತಿದ್ದ ಯಜಮಾನಿಯ ಕಡೆ ತಿರುಗಿ ಅರಬಿಯಲ್ಲಿ ಏನೋ ಕೇಳಿದರು. ಆಕೆ ನನ್ನನ್ನು ನೋಡಿ, "ಯಲ್ಲಾ, ಆಗಲಿ," ಎಂದರು. ಡಾಕ್ಟರು ಪೆಟ್ಟಿಗೆಯಿಂದ ಇನ್ನೊಂದು ಗ್ಲೌಸ್ ತೆಗೆದು ನನಗೆ ಚಾಚಿದರು. ನಾನು ಪಕ್ಕದಲ್ಲೇ ಇರುತ್ತೇನೆ, ನೀವೂ ನೋಡಿ ಎಂದರು.

ಗ್ಲೌಸ್ ಏರಿಸುವಾಗ ಬೆರಳುಗಳು ದಾರಿ ತಪ್ಪಿದವು. ಒಳಗಿನ ಆ ಬಿಸುಪು ಕೈಗೆ ಹತ್ತಿದ ಮೇಲೆ ಉಳಿದದ್ದೆಲ್ಲ ತಾನಾಗಿ ನೆನಪಾಯಿತು. ಗರ್ಭಕೋಶದ ಬಲಗೊಂಬು ಊದಿಕೊಂಡಿತ್ತು, ನೀರು ತುಂಬಿದ ಬಲೂನಿನ ಹಾಗೆ ಬೆರಳಿಗೆ ಮೆತ್ತಗೆ ಒದಗುತ್ತಿತ್ತು. ಹೆಬ್ಬೆರಳು ತೋರುಬೆರಳ ನಡುವೆ ಹಗುರವಾಗಿ ಹಿಡಿದೆ. ಒಳಗಿನ ಪೊರೆ ರೇಷ್ಮೆ ನೂಲಿನಂತೆ ಜಾರಿ ಹೋಯಿತು. ಇನ್ನು ಅನುಮಾನವಿಲ್ಲ. ನಾನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಕೈಯನ್ನು ಅಲ್ಲಿ ಇಟ್ಟುಕೊಂಡಿದ್ದೆ. ಯಾರೂ ಅವಸರ ಮಾಡಲಿಲ್ಲ.

"ಅಣ್ಣ, ನಿಂತದೆ," ಎಂದೆ. ಅವರು ಹಸುವಿನ ಹಣೆಗೆ ತಮ್ಮ ಹಣೆ ಒತ್ತಿ ನಿಂತರು.

ಎಷ್ಟೋ ಸಲ ಗಂಡ ಕೇಳಿದ್ದಾರೆ, ಕೊನೆಗೆ ಯಾವುದರಿಂದ ಆಯಿತು ಎಂದು. ನೀರಿನ ಹದವೋ, ತಂಪು ಗಾಳಿಯೋ, ಸರಿಯಾದ ಹೊತ್ತೋ, ನಾನು ಇವತ್ತಿಗೂ ಖಚಿತವಾಗಿ ಹೇಳಲಾರೆ. ಎಲ್ಲ ಸರಿ ಮಾಡಿದರೂ ನಿಲ್ಲದ ಹಸುಗಳನ್ನು ಊರಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಕರು ಹುಟ್ಟುವ ಹೊತ್ತಿಗೆ ಮತ್ತೆ ಬೇಸಿಗೆ. ಬಂಟ್ವಾಳದ ಅಣ್ಣನಿಗೆ ಅದೇ ಸಮಯಕ್ಕೆ ಮಗಳ ಮದುವೆ ಗೊತ್ತಾಗಿ ಊರಿಗೆ ಹೋಗಲೇಬೇಕಾಯಿತು. ಹಸುವನ್ನು ಬಿಟ್ಟು ಹೋಗುವುದಕ್ಕೆ ಅವರು ಪಟ್ಟ ಸಂಕಟ ಮದುವೆ ಮನೆಯವರು ನೋಡಿದ್ದರೆ ಬೇಸರ ಮಾಡಿಕೊಳ್ಳುತ್ತಿದ್ದರು. ಬದಲಿಗೆ ಬಂದ ಬಾಂಗ್ಲಾದೇಶದವರು ಒಂದು ಮಧ್ಯಾಹ್ನ ಫೋನ್ ಮಾಡಿದರು. ನಾನು ಹೋಗುವಷ್ಟರಲ್ಲಿ ಕರು ನೆಲದ ಮೇಲಿತ್ತು, ತಾಯಿ ನೆಕ್ಕುತ್ತಿತ್ತು. ತಾಯಿಯ ಬಣ್ಣವೇ, ಆದರೆ ಗಂಡು. ಹೆಣ್ಣು ಬೇಕಿತ್ತು, ಎಂದು ಯಜಮಾನಿ ಕುರ್ಚಿಯಲ್ಲಿ ಕೂತು ಗೊಣಗಿದರು. ಗೊಣಗುತ್ತಲೇ ಫ್ಯಾನನ್ನು ಕರುವಿನ ಕಡೆ ತಿರುಗಿಸಲು ಹೇಳಿದರು.

ಬಂಟ್ವಾಳಕ್ಕೆ ವಿಡಿಯೋ ಕಾಲ್ ಮಾಡಿದೆ. ಆ ಕಡೆ ಮಳೆ, ಹಿಂದೆ ಮದುವೆಯ ಚಪ್ಪರ, ಗಲಾಟೆ. ಅವರು ಒಂದು ಮೂಲೆಗೆ ಹೋಗಿ ನಿಂತುಕೊಂಡು ಕರುವಿನ ಕಿವಿ, ಗೊರಸು, ಬಾಲ ಎಲ್ಲ ಒಂದೊಂದಾಗಿ ತೋರಿಸಲು ಹೇಳಿದರು. ತೋರಿಸಿದೆ. ತಾಯಿಯ ಮಾಸು ಕಸ ಬಿತ್ತಾ, ಕರು ಗಿಣ್ಣು ಹಾಲು ಕುಡಿಯಿತಾ ಎಂದು ವಿಚಾರಿಸಿದರು. ಗಂಡು ಎಂದದ್ದಕ್ಕೆ ನಕ್ಕು, "ಹಾಲು ಹೇಗೂ ಅಮ್ಮನೇ ಅಲ್ವಾ ಕೊಡುದು," ಎಂದರು.

ಲೈಸೆನ್ಸ್ ಆ ವರ್ಷದ ಕೊನೆಗೆ ಬಂತು. ಅಬುಧಾಬಿಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿ, ಗಂಡನೂ ವರ್ಗ ಮಾಡಿಸಿಕೊಂಡು, ಈಗ ಅಲ್ ರೀಮ್ ಐಲ್ಯಾಂಡಿನ ಎತ್ತರದ ಕಟ್ಟಡವೊಂದರಲ್ಲಿ ಇದ್ದೇವೆ. ಊರಾಚೆಯ ಇಜ್ಬಾಗಳಿಗೆ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಮೊದಲು ಸೂಜಿ ಹಾಕಿದ ಹಸು ನಿಲ್ಲಲಿಲ್ಲ. ಅದರ ನಂತರದ್ದು ನಿಂತಿತು.

ಇನ್ನಾದರೂ ನೆಮ್ಮದಿಯಾಗಿ ಕೂರುತ್ತೀಯಾ ಎಂದು ಗಂಡ ಕೇಳುತ್ತಾರೆ. ನಿನ್ನೆ ಒಂದು ಹಸುವಿಗೆ ಹಾಕಿ ಬಂದಿದ್ದೇನೆ. ಅದು ಮತ್ತೆ ಬೆದೆಗೆ ಬರುತ್ತದೋ ಎಂದು ಅದರ ಯಜಮಾನನಿಗೆ ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೋಡಬೇಕು ಎಂದು ಹೇಳಿದ್ದೆನೋ, ಸಂಜೆ ಮಾತ್ರ ಎಂದಿದ್ದೆನೋ ಎಂದು ಊಟದ ನಡುವೆ ಗಾಬರಿಯಾಯಿತು. ಕೈ ತೊಳೆದು ಬಂದು ಫೋನ್ ಮಾಡಿದೆ.